ಕೆಲಸದ ಕೋಣೆ, ಅಮ್ಮನ ಜಗಲಿ

ಆದಾಯ ತೆರಿಗೆಯ ಲೆಕ್ಕ ಕೊಡುವ ಕೊನೆ ದಿನ ಏಪ್ರಿಲ್ 15 ಹತ್ತಿರ ಬಂದರೆ ಇಲ್ಲಿ ಅಮೆರಿಕದಲ್ಲಿ ಎಲ್ಲರ ಬಾಯಲ್ಲೂ ಟ್ಯಾಕ್ಸ್ ಮಾತೇ. ಮೊನ್ನೆ ಪಕ್ಕದ ಮನೆಯಾಕೆ ಅಳತೆ ಟೇಪ್ ಕೇಳಿಕೊಂಡು ಬಂದರು. ಮನೆಯಲ್ಲೇ ಕೂತು ಜಾಹೀರಾತುಗಳಿಗೆ ಚಿತ್ರ ಬರೆದುಕೊಡುತ್ತಾರೆ, ಸ್ವಂತ ಉದ್ಯೋಗ. ಕೆಲಸದ ಕೋಣೆಗೆ ಚದರ ಅಡಿಗೆ 5 ಡಾಲರ್‌ನಂತೆ, 300 ಚದರ ಅಡಿವರೆಗೆ, ಆದಾಯದಲ್ಲಿ ಕಳೆದು ತೋರಿಸಬಹುದು. ಹೆಚ್ಚೆಂದರೆ 1500 ಡಾಲರ್. ಆದರೆ ಆ ಜಾಗದಲ್ಲಿ ಕೆಲಸ ಬಿಟ್ಟು ಬೇರೇನೂ ನಡೆಯಬಾರದು. "ಮೊಮ್ಮಗ ಬಂದರೂ ಅಲ್ಲಿ ಮಲಗಿಸಲ್ಲ" ಅಂದರು. ಆಮೇಲೆ, "ನೀನೂ ಮನೆಯಿಂದಲೇ ಕೆಲಸ ಮಾಡ್ತೀಯಲ್ಲ, ನಿನಗೆಷ್ಟು ಸಿಗುತ್ತೆ?" ಎಂದು ಕೇಳಿದರು.

ನನಗೆ ಏನೂ ಇಲ್ಲ. ನಾನು ಸಂಬಳದವಳು. ಮೊದಲು ಆದಾಯದ ಶೇ 2ನ್ನು ಮೀರಿದ ಖರ್ಚನ್ನಾದರೂ ನೌಕರರು ತೋರಿಸಬಹುದಿತ್ತು. 2017ರ ಕಾನೂನು ಅದನ್ನು 2018ರಿಂದ ನಿಲ್ಲಿಸಿತು. 2025ರವರೆಗೆ ಮಾತ್ರ ಅಂದಿದ್ದರು, 2025ರಲ್ಲಿ ಬಂದ ಹೊಸ ಕಾನೂನು ಅದನ್ನೇ ಕಾಯಂ ಮಾಡಿತು. ಕ್ಯಾಲಿಫೋರ್ನಿಯಾದಲ್ಲಾದರೆ ಕೆಲಸಕ್ಕೆ ಬೇಕಾದ ಖರ್ಚನ್ನು ಕಂಪನಿಯೇ ಕೊಡಬೇಕು, ಕಾರ್ಮಿಕ ಕಾನೂನು ಹಾಗಿದೆ. ನಮ್ಮ ಟೆಕ್ಸಾಸ್‌ನಲ್ಲಿ ಅದೂ ಇಲ್ಲ. ಕುರ್ಚಿ, ಇಂಟರ್ನೆಟ್, ಬೇಸಿಗೆಯಲ್ಲಿ ಹಗಲಿಡೀ ಓಡುವ ಏಸಿ, ಎಲ್ಲ ನನ್ನ ಸಂಬಳದಿಂದಲೇ. "ಇದು ಅನ್ಯಾಯ ಅಲ್ವಾ?" ಅಂದರು ಆಕೆ. ಹೌದು, ಅನ್ಯಾಯವೇ.

ಅವರು ಹೋದ ಮೇಲೆ ನೆನಪಾದದ್ದು ಬಂಟ್ವಾಳದ ನಮ್ಮ ಮನೆಯ ಜಗಲಿ. ಅಮ್ಮ ಅಲ್ಲಿ ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಗೆರಸೆ, ಅದರಲ್ಲಿ ತಂಬಾಕು, ಪಕ್ಕದಲ್ಲಿ ನೆನೆಸಿದ ಎಲೆ. ಎಲೆ ಕತ್ತರಿಸಿ ಕತ್ತರಿಸಿ ಹೆಬ್ಬೆರಳ ಬುಡ ದಡ್ಡುಗಟ್ಟಿತ್ತು. ಎಲೆ, ತಂಬಾಕು ಬೀಡಿ ಕಂಪನಿಯ ಕಂಟ್ರಾಕ್ಟರನದು. ಕೊಟ್ಟ ಎಲೆಯಲ್ಲಿ ತೂತಿನವು ಜಾಸ್ತಿ ಇದ್ದರೆ ಉಳಿದದ್ದನ್ನು ಅಮ್ಮನೇ ಅಂಗಡಿಯಿಂದ ತರಬೇಕು. ಗೆರಸೆ, ಕತ್ತರಿ, ರಾತ್ರಿಯ ಕರೆಂಟು ನಮ್ಮದು. ಸರಿಯಿಲ್ಲ ಅಂತ ಅವನು ಪಕ್ಕಕ್ಕಿಟ್ಟ ಬೀಡಿಗೆ ದುಡ್ಡಿಲ್ಲ. ಅದೇ ಜಗಲಿಯಲ್ಲಿ ನಾವು ಓದಿದೆವು, ಉಂಡೆವು, ಮಲಗಿದೆವು. ಅಷ್ಟೂ ವರ್ಷ ಆ ಕಂಪನಿಗೆ ಕಾರ್ಖಾನೆಯ ಬಾಡಿಗೆ ಉಳಿಸಿಕೊಟ್ಟದ್ದು ನಮ್ಮ ಜಗಲಿ.

ಊರಲ್ಲಿ ಬಜೆಟ್ ದಿನ ಸಂಬಳದವರ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಖರ್ಚಿನ ಲೆಕ್ಕ ಕೇಳದೆ ಆದಾಯದಲ್ಲಿ ಕಳೆಯುವ ಮೊತ್ತ, ಅದರ ಬಗ್ಗೆ ಟಿವಿಯಲ್ಲಿ ಎಷ್ಟೊಂದು ಚರ್ಚೆ. 2024ರಲ್ಲಿ ಹೊಸ ತೆರಿಗೆ ಪದ್ಧತಿಯಲ್ಲಿ ಅದು 75,000 ರೂಪಾಯಿ ಆಯಿತು, ಒಳ್ಳೆಯದೇ. ಆದರೆ ಬೀಡಿ ಕಟ್ಟುವವರಿಗೆ, ಅಗರಬತ್ತಿ ಹೊಸೆಯುವವರಿಗೆ ಸಾವಿರಕ್ಕೆ ಇಷ್ಟು ಅಂತ ಕೂಲಿ ಕಟ್ಟುವಾಗ ಅವರ ಜಗಲಿ, ದೀಪ, ಕತ್ತರಿಗೂ ಬೇರೆಯಾಗಿ ದುಡ್ಡು ಸೇರಿಸಬೇಕು. ಆ ಮಾತನ್ನು ಓದು ಕಲಿತ ನಾವು, ಅವರ ಮಕ್ಕಳು, ಯಾಕೆ ಇನ್ನೂ ಗಟ್ಟಿಯಾಗಿ ಕೇಳುತ್ತಿಲ್ಲ?