ಕೆಫೀನ್ ನಿಲ್ಲಿಸಿದ ಐದನೇ ರಾತ್ರಿ

ನಮ್ಮ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಅವನನ್ನು ಎಲ್ಲರೂ ನಾಲ್ಕನೇ ಬೆಡ್ ಪುಟ್ಟ ಅಂತಲೇ ಕರೆಯುತ್ತಿದ್ದೆವು. 30 ವಾರಕ್ಕೆ ಹುಟ್ಟಿದವನು, ತೂಕ 1.2 ಕೆಜಿ. ಮೊದಲ ದಿನವೇ ಕೆಫೀನ್ ಸಿಟ್ರೇಟ್ ಲೋಡಿಂಗ್, ಅಂದರೆ ಮೊದಲ ದೊಡ್ಡ ಡೋಸ್, ಹೋಗಿತ್ತು, ಕೆಜಿಗೆ 20 ಮಿಲಿಗ್ರಾಂ. ಆಮೇಲೆ ದಿನಕ್ಕೊಂದು ಮೇಂಟೆನೆನ್ಸ್ ಡೋಸ್. ಕಾಫಿಯಲ್ಲಿ ಇರುವುದೂ ಇದೇ ಕೆಫೀನ್. ನಮ್ಮ ನಿದ್ದೆ ಓಡಿಸುವ ಹಾಗೆಯೇ, ದಿನ ತುಂಬದೆ ಹುಟ್ಟಿದ ಮಗುವಿಗೆ ಉಸಿರಾಡುವುದನ್ನು ಮರೆಯದಂತೆ ಮಿದುಳನ್ನು ಎಚ್ಚರಿಸುತ್ತಾ ಇರುತ್ತದೆ. ಗರ್ಭದ ಲೆಕ್ಕದಲ್ಲಿ 34 ವಾರ ತುಂಬಿದ ಮೇಲೆ ನಿಲ್ಲಿಸಿದೆವು. ಪುಟ್ಟ ಪಲಾಡೆಯಲ್ಲಿ, ಅಂದರೆ ಮೂತಿಯಿರುವ ಸಣ್ಣ ಬಟ್ಟಲಿನಲ್ಲಿ, ಚೆನ್ನಾಗಿ ಹಾಲು ಕುಡಿಯುತ್ತಿದ್ದ. ಕೆಎಂಸಿಯಲ್ಲಿ (ಕಾಂಗರೂ ಮದರ್ ಕೇರ್) ಅಮ್ಮನ ಎದೆಗೆ ಅಂಟಿಕೊಂಡು ಗಂಟೆಗಟ್ಟಲೆ ಮಲಗುತ್ತಿದ್ದ.

ಐದನೇ ರಾತ್ರಿ ನನ್ನ ಡ್ಯೂಟಿ. ಹ್ಯಾಂಡೋವರ್‌ನಲ್ಲಿ "ನಾಲ್ಕು ಸ್ಟೇಬಲ್" ಅಂದರು. ಹತ್ತು ಗಂಟೆಗೆ ಅವನಮ್ಮ ಬಂದು, "ಸಿಸ್ಟರ್, ನಾಳೆ ಕಳಿಸ್ತಾರಾ?" ಅಂತ ಕೇಳಿದರು. "ಕಳಿಸ್ತಾರಮ್ಮ, ಬ್ಯಾಗ್ ರೆಡಿ ಮಾಡ್ಕೊಳ್ಳಿ" ಅಂದುಬಿಟ್ಟೆ. ಅದು ರೌಂಡ್ಸ್‌ನಲ್ಲಿ ಡಾಕ್ಟರ್ ಹೇಳಬೇಕಾದ ಮಾತು. ಆ ಖುಷಿಯ ಮುಖ ನೋಡಬೇಕು ಅಂತ ನಾನು ಹೇಳಿಬಿಟ್ಟಿದ್ದೆ.

ಎರಡು ಗಂಟೆಗೆ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು ಕುಡಿದೆ. ಮೂರು ಇಪ್ಪತ್ತಕ್ಕೆ ನಾಲ್ಕನೇ ಬೆಡ್ ಅಲಾರ್ಮ್ ಹೊಡೆಯಿತು. ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, 82ಕ್ಕೆ ಇಳಿದಿತ್ತು.

ನಾನು ಸೈಲೆನ್ಸ್ ಬಟನ್ ಒತ್ತಿದೆ.

ನಮ್ಮಲ್ಲಿ ಅದನ್ನು ಅಳೆಯಲು ಪಾದಕ್ಕೆ ಕಟ್ಟುವ ಪ್ರೋಬ್‌ಗಳು ಹಳೆಯವು. ಮೈಕ್ರೋಪೋರ್ ಟೇಪ್ ಸುತ್ತಿ ಸುತ್ತಿ ನಡೆಸುತ್ತೇವೆ. ಹೊಸದಕ್ಕೆ ಇಂಡೆಂಟ್ ಹಾಕಿ ತಿಂಗಳುಗಳಾಗಿವೆ, ಪರ್ಚೇಸ್‌ನಿಂದ ಉತ್ತರ ಇಲ್ಲ. ಆರು ಮಕ್ಕಳಿಗೆ ಒಬ್ಬಳೇ ಸಿಸ್ಟರ್. ರಾತ್ರಿಯಿಡೀ ಸುಮ್ನೆ ಹೊಡೆಯುವ ಅಲಾರ್ಮ್‌ಗಳೇ ಜಾಸ್ತಿ. ಇದೆಲ್ಲ ನಿಜ. ಆದರೆ ಆ ಹೊತ್ತಿಗೆ ಮಾನಿಟರ್‌ನಲ್ಲಿ ನಾಡಿಯ ಅಲೆ ಸ್ವಚ್ಛವಾಗಿ ಬರುತ್ತಿತ್ತು. ಪ್ರೋಬ್ ಸರಿಯಾಗಿಯೇ ಇತ್ತು. ನಾನು ಅಲೆಯನ್ನು ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಪಾದ ಹಿಡಿದು ಟೇಪ್ ಬಿಚ್ಚುತ್ತಾ ಕೂತೆ.

ಪಾದ ತಣ್ಣಗಿತ್ತು. ತಲೆ ಎತ್ತಿದೆ. ಹಾರ್ಟ್ ರೇಟ್ 90ರ ಕೆಳಗೆ ಇಳಿಯುತ್ತಿತ್ತು. ತುಟಿ ನೀಲಿ. ಎದೆ ಅಲುಗಾಡುತ್ತಿರಲಿಲ್ಲ.

ಅಂಗಾಲು ತಟ್ಟಿದೆ, ಬೆನ್ನು ಉಜ್ಜಿದೆ. ಏನೂ ಇಲ್ಲ. ಕುತ್ತಿಗೆ ಸರಿ ಮಾಡಿ, ಒತ್ತಿ ಉಸಿರು ಕೊಡುವ ಅಂಬು ಚೀಲ ಕೈಗೆತ್ತಿಕೊಂಡೆ, ಪಕ್ಕದ ರೂಮಿನ ಸಿಸ್ಟರ್‌ನ ಕೂಗಿದೆ. ಒಂದು, ಎರಡು, ಮೂರು ಉಸಿರು. ಎದೆ ಏಳುತ್ತಿದೆ ಅಂತ ಕಂಡಾಗ ನನಗೂ ಉಸಿರು ಬಂತು. ಅರ್ಧ ನಿಮಿಷದೊಳಗೆ ಹಾರ್ಟ್ ರೇಟ್ 130 ದಾಟಿತು. ಆಮೇಲೆ ಪುಟ್ಟ ಮುಖ ಸಿಂಡರಿಸಿ ಅತ್ತ. ಅಷ್ಟು ಚೆನ್ನಾದ ಅಳು ನಾನು ಕೇಳಿಲ್ಲ.

ಡಾಕ್ಟರ್ ಬಂದು ಸೋಂಕು ಇದೆಯಾ ಅಂತ ನೋಡುವ ಸೆಪ್ಸಿಸ್ ಸ್ಕ್ರೀನ್ ಕಳಿಸಿದರು. ಅದು ನೆಗೆಟಿವ್ ಬಂತು. "ಕೆಫೀನ್ ಈಗ ಪೂರ್ತಿ ಇಳೀತಾ ಇದೆ ಸಿಸ್ಟರ್, ಅದಕ್ಕೇ ತಾನೇ ಏಳು ದಿನ ಕಾಯೋದು?" ಅಂದರು.

ಆ ನಿಯಮ ನನಗೆ ಗೊತ್ತಿತ್ತು. ನಿಲ್ಲಿಸಿದ ಮೇಲೆ ಐದರಿಂದ ಏಳು ದಿನ ಮಾನಿಟರ್ ಮೇಲೆ ಇರಬೇಕು ಅಂತ ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ. ಯಾಕೆ ಅಂತ ಮಾತ್ರ ಮನಸ್ಸಿಗೆ ಇಳಿದಿರಲಿಲ್ಲ. ನನ್ನ ಲೆಕ್ಕ ನನ್ನ ಕಾಫಿಯದ್ದು. ದೊಡ್ಡವರ ಮೈಯಲ್ಲಿ ಕುಡಿದ ಕೆಫೀನ್‌ನ ಅರ್ಧ ಸುಮಾರು ಐದು ಗಂಟೆಯಲ್ಲಿ ಹೋಗುತ್ತದೆ. ಅದಕ್ಕೇ ನೈಟ್ ಮುಗಿಸಿ ಮನೆಗೆ ಹೋದರೂ ಎರಡು ಗಂಟೆಯ ಕಾಫಿ ನಮ್ಮನ್ನು ಮಲಗಲು ಬಿಡುವುದಿಲ್ಲ. ದಿನ ತುಂಬದ ಮಗುವಿನ ಲಿವರ್ ಕೆಫೀನ್ ಒಡೆಯುವಷ್ಟು ಬಲಿತಿರುವುದಿಲ್ಲ. ಬಹುಪಾಲು ಹಾಗೇ ಮೂತ್ರದಲ್ಲಿ ಹೋಗಬೇಕು. ಅರ್ಧ ಇಳಿಯಲು ಮೂರ್ನಾಲ್ಕು ದಿನವೇ ಬೇಕು. ಅಂದರೆ ಪುಟ್ಟ ಔಷಧ ಇಲ್ಲದೆ ಐದು ದಿನ ಗೆದ್ದಿದ್ದಾನೆ ಅಂತ ನಾನು ಅಂದುಕೊಂಡಿದ್ದೇ ತಪ್ಪು. ಆ ಐದು ದಿನವೂ ಔಷಧ ಅವನ ರಕ್ತದಲ್ಲಿತ್ತು. ಪರೀಕ್ಷೆ ಆಗಷ್ಟೇ ಶುರುವಾಗಿತ್ತು.

ಬೆಳಿಗ್ಗೆ ಅವನಮ್ಮ ಬ್ಯಾಗ್ ಹಿಡಿದು ಬಾಗಿಲ ಹತ್ತಿರ ನಿಂತಿದ್ದರು. ಡಾಕ್ಟರ್ ಹೇಳಲಿ ಅಂತ ಕಾಯಲಿಲ್ಲ, ನಾನೇ ಹೋಗಿ ಕೈ ಹಿಡಿದು ಹೇಳಿದೆ. ರಾತ್ರಿ ಉಸಿರು ನಿಂತಿತ್ತು, ಈಗ ಚೆನ್ನಾಗಿದ್ದಾನೆ, ನಾಳೆ ಕಳಿಸ್ತಾರೆ ಅಂದದ್ದು ನನ್ನ ತಪ್ಪು ಅಂತ. ಅವರು ಬೈಯಲಿಲ್ಲ. ಬ್ಯಾಗ್ ಕೆಳಗಿಟ್ಟು ಅಲ್ಲೇ ಕೂತು ಅತ್ತರು. ಬೈದಿದ್ದರೆ ಸುಲಭವಾಗುತ್ತಿತ್ತು. ಇನ್ಸಿಡೆಂಟ್ ಫಾರ್ಮ್‌ನಲ್ಲಿ ಪ್ರೋಬ್ ಬಗ್ಗೆ ಬರೆದೆ, ಸೈಲೆನ್ಸ್ ಒತ್ತಿದ್ದನ್ನೂ ಬರೆದೆ. ಮೀಟಿಂಗ್‌ನಲ್ಲಿ ಎರಡನೆಯದನ್ನು ಮಾತ್ರ ಓದಿದರು.

ದಿನದ ಲೆಕ್ಕ ಮತ್ತೆ ಸೊನ್ನೆಯಿಂದ ಶುರುವಾಯಿತು. ಏಳು ದಿನ ಒಂದೂ ಆಪ್ನಿಯಾ ಇಲ್ಲ, ಉಸಿರು ಒಮ್ಮೆಯೂ ನಿಲ್ಲಲಿಲ್ಲ. ಎಂಟನೇ ದಿನ ಮನೆಗೆ ಹೊರಟಾಗ ಅವನಮ್ಮ, "ಸಿಸ್ಟರ್, ಹಾಲು ಕುಡಿಸ್ತಾ ನಾನು ಕಾಫಿ ಕುಡಿಬಹುದಾ?" ಅಂದರು. ಉತ್ತರ ನಾಲಿಗೆ ತುದಿಯಲ್ಲೇ ಇತ್ತು. "ಒಂದ್ನಿಮಿಷ ಇರಮ್ಮ" ಅಂತ ಹೇಳಿ ಡಾಕ್ಟರನ್ನು ಕೇಳಲು ಹೋದೆ. ದಿನಕ್ಕೆ ಒಂದೆರಡು ಲೋಟ ಪರವಾಗಿಲ್ಲ, ಜಾಸ್ತಿ ಬೇಡ, ಹಾಲಿಗೆ ಹೋಗುವುದು ಸ್ವಲ್ಪವೇ ಆದರೂ ಇವನ ಮೈಯಿಂದ ಬೇಗ ಇಳಿಯುವುದಿಲ್ಲ ಅಂದರು. ಬಂದು ಹಾಗೇ ಹೇಳಿದೆ.