ಪೀಕ್ ಏರಿಯಾ ಏರುಪೇರಾದಾಗ ಆಟೋಸ್ಯಾಂಪ್ಲರ್‌ನಲ್ಲಿ ಏನನ್ನು ನೋಡಬೇಕು

ಒಂದೇ ಸ್ಟ್ಯಾಂಡರ್ಡ್ (ಸಾಂದ್ರತೆ ಗೊತ್ತಿರುವ) ದ್ರಾವಣವನ್ನು ಸತತವಾಗಿ ಇಂಜೆಕ್ಟ್ ಮಾಡಿದಾಗ, ಸಂಯುಕ್ತದ ಪ್ರಮಾಣ ತೋರಿಸುವ ಪೀಕ್ ಏರಿಯಾ ಏರುಪೇರಾದರೆ, ಎಚ್‌ಪಿಎಲ್‌ಸಿ (ದ್ರಾವಣದ ಸಂಯುಕ್ತಗಳನ್ನು ಕಾಲಮ್ ಮೂಲಕ ಹರಿಸಿ ಬೇರ್ಪಡಿಸಿ ಅಳೆಯುವ ವಿಧಾನ) ಪ್ರಯೋಗಾಲಯಗಳಲ್ಲಿ ಅನೇಕರು ನೇರವಾಗಿ ಆಟೋಸ್ಯಾಂಪ್ಲರ್‌ನ, ಅಂದರೆ ದ್ರಾವಣವನ್ನು ತಾನೇ ಎಳೆದು ಇಂಜೆಕ್ಟ್ ಮಾಡುವ ಭಾಗದ, ನೀಡಲ್ ಅಥವಾ ರೋಟರ್ ಸೀಲ್ (ವಾಲ್ವ್‌ನೊಳಗೆ ತಿರುಗುವ ಸೀಲ್) ಬದಲಿಸಲು ಹೊರಡುತ್ತಾರೆ. ನಾನು ಕೆಲಸ ಮಾಡುವ ಕಡೆ, ಯಾವ ಬಿಡಿಭಾಗವನ್ನೂ ಬಿಚ್ಚುವ ಮೊದಲು ಕ್ರೊಮ್ಯಾಟೊಗ್ರಾಮ್‌ಗಳನ್ನು (ಪ್ರತಿ ಇಂಜೆಕ್ಷನ್‌ನ ಪೀಕ್‌ಗಳನ್ನು ತೋರಿಸುವ ರೇಖಾಚಿತ್ರಗಳನ್ನು) ಒಂದರ ಪಕ್ಕ ಒಂದಿಟ್ಟು ನೋಡುತ್ತೇವೆ.

ರಿಟೆನ್ಷನ್ ಟೈಮ್ (ಇಂಜೆಕ್ಟ್ ಆದ ಮೇಲೆ ಪೀಕ್ ಬರಲು ಹಿಡಿಯುವ ಸಮಯ) ಕದಲದೆ ಏರಿಯಾ ಮಾತ್ರ ಬದಲಾಗುತ್ತಿದ್ದರೆ ಸಂಶಯ ಇಂಜೆಕ್ಟರ್ ಮೇಲೆ ಹೋಗಬೇಕು. ಎರಡೂ ಒಟ್ಟಿಗೆ ಬದಲಾಗುತ್ತಿದ್ದರೆ ಪಂಪನ್ನು ಪರೀಕ್ಷಿಸಬೇಕು. ಹರಿವು ತಗ್ಗಿದಾಗ ಪೀಕ್ ತಡವಾಗಿ ಬರುವುದಲ್ಲದೆ, ಯುವಿ ಡಿಟೆಕ್ಟರ್‌ನಲ್ಲಿ ಅದರ ಏರಿಯಾವೂ ಹೆಚ್ಚುತ್ತದೆ.

ಏರಿಯಾ ಪ್ರತಿ ಇಂಜೆಕ್ಷನ್‌ಗೂ ಇಳಿಯುತ್ತಲೇ ಹೋದರೆ ಮೊದಲು ವಯಲ್ (ದ್ರಾವಣವಿಡುವ ಪುಟ್ಟ ಬಾಟಲಿ) ನೋಡುವುದು ಲೇಸು. ಕಂಠಮಟ್ಟ ತುಂಬಿಸಿ ಬಿಗಿಯಾಗಿ ಮುಚ್ಚಿದ ವಯಲ್‌ನಿಂದ ಮತ್ತೆ ಮತ್ತೆ ದ್ರಾವಣ ಎಳೆದಾಗ ಒಳಗಿನ ಒತ್ತಡ ಕುಸಿದು, ನೀಡಲ್‌ಗೆ ಸಿಗುವ ಪ್ರಮಾಣ ಕಡಿಮೆಯಾಗುತ್ತದೆ. ವಯಲ್‌ನಲ್ಲಿ ಸ್ವಲ್ಪ ಜಾಗ ಬಿಟ್ಟು, ಸೀಳಿರುವ ಸೆಪ್ಟಮ್ (ನೀಡಲ್ ಚುಚ್ಚುವ ಮುಚ್ಚಳದ ಪದರ) ಬಳಸಿದರೆ ಸಾಕು. ಏರಿಳಿತಕ್ಕೆ ಯಾವ ಕ್ರಮವೂ ಕಾಣದಿದ್ದರೆ ಸಿರಿಂಜ್‌ನಲ್ಲಿ ಗಾಳಿಗುಳ್ಳೆ ಸೇರಿರುವ ಸಾಧ್ಯತೆ ಹೆಚ್ಚು.

ಇಷ್ಟರಲ್ಲೂ ಕಾರಣ ತಿಳಿಯದಿದ್ದರೆ ನಾನು ತಕ್ಕಡಿಯನ್ನು ನಂಬುತ್ತೇನೆ. ನೀರು ತುಂಬಿದ ವಯಲ್ ಅನ್ನು ತೂಗಿ, 50 ಮೈಕ್ರೋಲೀಟರ್‌ನಂತೆ 10 ಸಲ ಇಂಜೆಕ್ಟ್ ಮಾಡಿ ಮತ್ತೆ ತೂಗಿದರೆ ಸುಮಾರು 0.5 ಗ್ರಾಂ ಇಳಿದಿರಬೇಕು. ಅದಕ್ಕಿಂತ ಕಡಿಮೆ ಇಳಿದಿದ್ದರೆ ಎಳೆಯುವ ಭಾಗದಲ್ಲೇ ದೋಷವಿದೆ. ತೂಕ ಸರಿಯಾಗಿದ್ದೂ ಏರಿಯಾ ಕಡಿಮೆಯಿದ್ದರೆ, ಎಳೆದ ದ್ರಾವಣ ಕಾಲಮ್ ಸೇರುವ ಮೊದಲೇ ನೀಡಲ್ ಸೀಟ್ ಅಥವಾ ವಾಲ್ವ್‌ನಲ್ಲಿ ಸೋರುತ್ತಿದೆ ಎಂದು ತಿಳಿಯಬಹುದು. ರೋಟರ್ ಸೀಲ್‌ಗೆ ಕೈಹಾಕಲು ಇದು ತಕ್ಕ ಸಮಯ. ಹಲವು ಭಾಗಗಳನ್ನು ಒಮ್ಮೆಗೇ ಬದಲಿಸಿದರೆ ಉಪಕರಣ ಸರಿಹೋದೀತು, ಆದರೆ ಕೆಟ್ಟಿದ್ದು ಯಾವುದೆಂದು ಗೊತ್ತಾಗುವುದಿಲ್ಲ.

ಹಿಂದಿನ ಇಂಜೆಕ್ಷನ್‌ನ ಉಳಿಕೆ ಮುಂದಿನದರಲ್ಲಿ ಕಾಣಿಸಿಕೊಳ್ಳುವ ಕ್ಯಾರಿಓವರ್‌ನ ಲಕ್ಷಣ ಬೇರೆ. ಹೆಚ್ಚು ಸಾಂದ್ರತೆಯ ಸ್ಟ್ಯಾಂಡರ್ಡ್ ನಂತರ ಸಾಲಾಗಿ ಬ್ಲ್ಯಾಂಕ್‌ಗಳನ್ನು (ಸಂಯುಕ್ತವಿಲ್ಲದ ದ್ರಾವಣಗಳನ್ನು) ಓಡಿಸಿದಾಗ ಉಳಿಕೆ ಪೀಕ್ ಹಂತಹಂತವಾಗಿ ಕುಗ್ಗಿದರೆ ಅದು ಕ್ಯಾರಿಓವರ್; ಎಲ್ಲ ಬ್ಲ್ಯಾಂಕ್‌ಗಳಲ್ಲೂ ಒಂದೇ ಎತ್ತರದಲ್ಲಿ ನಿಂತರೆ ಬ್ಲ್ಯಾಂಕ್ ದ್ರಾವಣವೋ, ಕಾಲಮ್ ಮೂಲಕ ಪಂಪ್ ಹರಿಸುವ ದ್ರವವಾದ ಮೊಬೈಲ್ ಫೇಸೋ ಮಲಿನವಾಗಿರಬಹುದು. ಏನನ್ನೂ ಇಂಜೆಕ್ಟ್ ಮಾಡದೆ ಓಡಿಸಿದಾಗಲೂ ಪೀಕ್ ಅಷ್ಟೇ ಎತ್ತರದಲ್ಲಿ ಬಂದರೆ ಬ್ಲ್ಯಾಂಕ್ ದ್ರಾವಣವನ್ನು ದೂರುವಂತಿಲ್ಲ. ಕ್ಯಾರಿಓವರ್ ಎಂದು ಖಚಿತವಾದಾಗ, ನಮ್ಮ ಸಂಯುಕ್ತ ಚೆನ್ನಾಗಿ ಕರಗುವ ದ್ರಾವಕವೇ ನೀಡಲ್ ತೊಳೆಯುವ ಬಾಟಲಿಯಲ್ಲಿದೆಯೇ ಎಂದು ನೋಡಬೇಕು. ಅಸಿಟೋನೈಟ್ರೈಲ್ ಪ್ರಮಾಣ ಏರಿಸುವುದಾದರೆ, ಬಫರ್‌ನ ಲವಣ ನೀಡಲ್ ಸೀಟ್‌ನಲ್ಲಿ ಗರಣೆಗಟ್ಟದಷ್ಟು ನೀರನ್ನೂ ಅದರಲ್ಲಿ ಉಳಿಸಿಕೊಳ್ಳಬೇಕು.