ಡ್ರಾಯರಿನಲ್ಲೇ ಉಳಿದ ಪಿಸ್ತೂಲು

ನನ್ನ ಆಭರಣದಂಗಡಿಗೆ ದರೋಡೆಕೋರರು ನುಗ್ಗಿದ್ದು ಸಂಜೆ ಬಾಗಿಲು ಹಾಕಲು ಇನ್ನು ಕಾಲು ಗಂಟೆ ಇರುವಾಗ. ಗಾಜಿನ ಕಪಾಟುಗಳಲ್ಲಿದ್ದ ಒಡವೆಗಳನ್ನು ಎಣಿಸಿ ತಿಜೋರಿಗೆ ಸೇರಿಸುವ ಹೊತ್ತದು. ಮಾಲೆಲ್ಲ ಟ್ರೇಗಳಲ್ಲಿ ಕೈಗೆ ಸಿಗುವಂತಿರುವುದೂ, ನಮ್ಮ ಗಮನ ಬಾಗಿಲಿನ ಮೇಲಿರದೆ ಲೆಕ್ಕದ ಮೇಲಿರುವುದೂ ಆಗಲೇ. ಬಂದವರು ಇಬ್ಬರು. ಒಬ್ಬ ಗಿರಾಕಿಯಂತೆ ಉಂಗುರ ತೋರಿಸಲು ಹೇಳಿದ, ಇನ್ನೊಬ್ಬ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಮೊದಲನೆಯವನ ಜಾಕೆಟ್ಟಿನಿಂದ ಪಿಸ್ತೂಲು ಹೊರಬಂದಾಗ ನಮ್ಮಿಬ್ಬರ ನಡುವೆ ಇದ್ದದ್ದು ಮೂರಡಿ ಅಗಲದ ಕೌಂಟರ್ ಮಾತ್ರ.

ಅದೇ ಕೌಂಟರಿನ ಡ್ರಾಯರಿನಲ್ಲಿ, ನನ್ನ ಬಲಗೈಗೆ ಒಂದಡಿ ದೂರದಲ್ಲಿ, ನನ್ನ ಪಿಸ್ತೂಲೂ ಇತ್ತು. ಲೈಸೆನ್ಸ್ ಪಡೆದು, ತರಬೇತಿ ಮುಗಿಸಿ, ತಿಂಗಳಿಗೊಮ್ಮೆ ತಪ್ಪದೆ ಗುರಿ ಅಭ್ಯಾಸಕ್ಕೆ ಹೋಗುತ್ತಿದ್ದವನು ನಾನು. ಅದನ್ನು ಏಕೆ ತೆಗೆಯಲಿಲ್ಲ ಎಂದು ಆಮೇಲೆ ಕೇಳದವರಿಲ್ಲ. ಕೇಳಿದವರಲ್ಲಿ ಕೆಲವರ ದನಿಯಲ್ಲಿ ನಾನು ಹೆದರಿಬಿಟ್ಟೆ ಎಂಬ ತೀರ್ಮಾನವೂ ಇತ್ತು. ಹೆದರಿದ್ದೆ, ನಿಜ. ಆದರೆ ತೆಗೆಯದಿರಲು ಕಾರಣ ಅದೊಂದೇ ಆಗಿರಲಿಲ್ಲ.

ತರಬೇತಿಯಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದು ದೂರ ಮತ್ತು ಸಮಯದ ಲೆಕ್ಕ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯೂಲರ್ 1983ರಲ್ಲಿ ಬರೆದ ಲೇಖನದಿಂದ ಈ ಲೆಕ್ಕ ಪ್ರಸಿದ್ಧವಾಯಿತು: ಚಾಕು ಹಿಡಿದು ಓಡಿಬರುವವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ, ಸೊಂಟದಿಂದ ಪಿಸ್ತೂಲು ಸೆಳೆದು ಗುಂಡು ಹಾರಿಸಲು ತರಬೇತಾದವನಿಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ನನ್ನೆದುರಿಗಿದ್ದವನು ಓಡಿಬರಬೇಕಾಗಿಯೇ ಇರಲಿಲ್ಲ. ಅವನ ಬೆರಳು ಪಿಸ್ತೂಲಿನ ಟ್ರಿಗರ್ ಮೇಲಿತ್ತು. ನನ್ನದು ಡ್ರಾಯರ್ ಎಳೆದು, ಕೈ ಹಾಕಿ, ಹಿಡಿದು, ಎತ್ತಬೇಕಾದ ಪಿಸ್ತೂಲು. ಇದಕ್ಕಿಂತ ಮುಖ್ಯವಾದದ್ದು ಅವನ ಬೆನ್ನ ಹಿಂದಿತ್ತು. ಸರಗಳ ಕಪಾಟಿನ ಮುಂದೆ ಒಬ್ಬ ತಾಯಿ ತನ್ನ ಮಗುವನ್ನು ಕಾಲಿಗೆ ಒತ್ತಿಕೊಂಡು ನಿಂತಿದ್ದಳು. ನನ್ನ ಗುರಿ ಒಂದಂಗುಲ ತಪ್ಪಿದರೂ ಗುಂಡು ಹೋಗಿ ನಿಲ್ಲುವುದು ಅಲ್ಲಿ. ಅವನು ತಿರುಗಿ ಹೊಡೆದರೆ ಅದು ನನ್ನ ಹಿಂದಿನ ತೆಳು ಜಿಪ್ಸಂ ಹಲಗೆಯ ಗೋಡೆಯನ್ನು ತೂರಿಕೊಂಡು ಒಳಗೆ ಕುಳಿತು ಬೆಸುಗೆ ಹಾಕುತ್ತಿದ್ದ ಕೆಲಸಗಾರನ ಕಡೆಗೆ ಹೋಗುತ್ತಿತ್ತು. ಕಾಗದದ ಗುರಿಯ ಹಿಂದೆ ಮಣ್ಣಿನ ದಿಬ್ಬವಿರುತ್ತದೆ. ಅಂಗಡಿಯಲ್ಲಿ ಇರುವುದು ಜನ.

ನಾನು ಮಾಡಿದ್ದು ಇಷ್ಟೇ: ಎರಡೂ ಕೈಗಳನ್ನು ಅವನಿಗೆ ಕಾಣುವಂತೆ ಎತ್ತಿ ಹಿಡಿದು, ಎಡ ಮೊಣಕಾಲಿನಿಂದ ಕೌಂಟರಿನ ಕೆಳಗಿನ ಗುಂಡಿಯನ್ನು ಒತ್ತಿದೆ. ಈ ಗುಂಡಿ ಒತ್ತಿದರೆ ಅಂಗಡಿಯಲ್ಲಿ ಸದ್ದಾಗುವುದಿಲ್ಲ, ದೀಪವೂ ಹತ್ತುವುದಿಲ್ಲ; ಸಂದೇಶ ನೇರವಾಗಿ ನಿಗಾ ಕೇಂದ್ರಕ್ಕೆ, ಅಲ್ಲಿಂದ ಪೊಲೀಸರಿಗೆ ಹೋಗುತ್ತದೆ. ಅಮೆರಿಕದ ಆಗಸ್ಟಸ್ ಪೋಪ್ 1853ರಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಕಳ್ಳಗಂಟೆ ಬಾಗಿಲು, ಕಿಟಕಿ ತೆರೆದೊಡನೆ ಬಾರಿಸುತ್ತಿತ್ತು. ರಾತ್ರಿ ನುಗ್ಗುವ ಕಳ್ಳನಿಗೆ ಆ ಸದ್ದೇ ಮದ್ದು. ಆದರೆ ಜನರಿರುವಾಗ, ಎದುರಿಗಿರುವವನ ಕೈಯಲ್ಲಿ ಪಿಸ್ತೂಲಿರುವಾಗ, ಸೈರನ್ ಅವನನ್ನು ಬೆಚ್ಚಿಬೀಳಿಸುತ್ತದೆ. ಬೆಚ್ಚಿದ ಬೆರಳು ಏನು ಮಾಡೀತೆಂದು ಹೇಳಲಾಗದು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಎರಡು ಬಾರಿ ಗೊತ್ತಿಲ್ಲದೆ ಮೊಣಕಾಲು ತಾಗಿ ಪೊಲೀಸರು ಸುಮ್ಮನೆ ಬಂದು ಹೋದ ಮೇಲೆ, ಆ ಗುಂಡಿಯನ್ನು ತೆಗೆಸಿಬಿಡೋಣವೆಂದು ನಾನು ಯೋಚಿಸಿದ್ದೆ. ತೆಗೆಸದೆ ಉಳಿದದ್ದು ಸೋಮಾರಿತನದಿಂದಲೇ ಹೊರತು ಮುಂದಾಲೋಚನೆಯಿಂದಲ್ಲ.

"ತಿಜೋರಿ ತೆಗಿ" ಎಂದ. ಕೈ ನಡುಗುತ್ತಿದ್ದರೂ ಸಂಖ್ಯೆಗಳನ್ನು ಸರಿಯಾಗಿ ಒತ್ತಿದೆ. ನಮ್ಮ ತಿಜೋರಿಗೆ ವಿಳಂಬ ಬೀಗವಿದೆ. ಸಂಖ್ಯೆ ಕೊಟ್ಟ ಹತ್ತು ನಿಮಿಷದ ನಂತರವೇ ಅದು ತೆರೆಯುತ್ತದೆ, ನಾನು ಬೇಡಿಕೊಂಡರೂ ಅದಕ್ಕೆ ಮುಂಚೆ ತೆರೆಯದು. ಪುಟ್ಟ ಪರದೆಯ ಮೇಲೆ 9:59, 9:58 ಎಂದು ಅಂಕಿಗಳು ಇಳಿಯತೊಡಗಿದವು. ಅವನು ಅದನ್ನು ನೋಡಿದ, ಬಾಗಿಲಲ್ಲಿದ್ದವನನ್ನು ನೋಡಿದ. ಬಯ್ದು, ಕೌಂಟರಿನ ಮೇಲಿದ್ದ ನಾಲ್ಕು ಟ್ರೇಗಳನ್ನು ಚೀಲಕ್ಕೆ ಸುರಿದುಕೊಂಡ.

ಅವರು ಬೆನ್ನು ತಿರುಗಿಸಿದ ಕ್ಷಣದಲ್ಲಿ ನನ್ನ ಕೈ ಡ್ರಾಯರಿಗೆ ಹೋಯಿತು. ಯೋಚಿಸಿ ಹೋದದ್ದಲ್ಲ, ತಾನಾಗಿ ಹೋಯಿತು. ಹಿಡಿಯ ಒರಟು ಗೀರುಗಳು ಅಂಗೈಗೆ ಒತ್ತಿದ್ದು ಇಂದಿಗೂ ನೆನಪಿದೆ. ತಾಯಿ, ಮಗು ಆಗ ನೆಲಕ್ಕೆ ಕುಳಿತಿದ್ದರು, ಬಾಗಿಲಿನವರೆಗೆ ಅಡ್ಡ ಯಾರೂ ಇರಲಿಲ್ಲ, ಅವನ ಬೆನ್ನು ಅಗಲವಾಗಿ ಕಾಣುತ್ತಿತ್ತು. ಆದರೆ ಆ ಬೆನ್ನಿನಿಂದ ನಮ್ಮಲ್ಲಿ ಯಾರ ಜೀವಕ್ಕೂ ಅಪಾಯವಿರಲಿಲ್ಲ. ಎದುರಿಗಿರುವ ಅಪಾಯಕ್ಕೆ ತಕ್ಕಷ್ಟು ಬಲವನ್ನು ಮಾತ್ರ ಆತ್ಮರಕ್ಷಣೆ ಎಂದು ಬಹುತೇಕ ದೇಶಗಳ ಕಾನೂನು ಒಪ್ಪುತ್ತದೆ. ಓಡಿಹೋಗುವವನ ಬೆನ್ನಿಗೆ ಹೊಡೆದರೆ ಅದಕ್ಕೆ ಬೇರೆ ಹೆಸರು. ಕಾನೂನು ನೆನಪಾಗಿ ಕೈ ನಿಂತಿತು ಎಂದರೆ ಸುಳ್ಳಾದೀತು. ಚೀಲದಲ್ಲಿ ಹೋಗುತ್ತಿರುವುದು ಒಡವೆ ಮಾತ್ರ ಎಂದಷ್ಟೇ ಅನಿಸಿತು. ಅವನು ಕೌಂಟರ್ ದಾಟಿ ಬಂದು ನಮ್ಮವರಲ್ಲಿ ಒಬ್ಬರನ್ನು ಹಿಂದಿನ ಕೋಣೆಗೆ ಎಳೆದೊಯ್ಯಲು ನೋಡಿದ್ದರೆ ನಾನು ಗುಂಡು ಹಾರಿಸುತ್ತಿದ್ದೆ. ಆ ಗೆರೆಯನ್ನು ಬಹಳ ಹಿಂದೆಯೇ ಮನಸ್ಸಿನಲ್ಲಿ ಎಳೆದುಕೊಂಡಿದ್ದೆ, ಈಗಲೂ ಅದನ್ನು ಅಳಿಸಿಲ್ಲ.

ಹತ್ತು ನಿಮಿಷವಾದರೂ ನಡೆಯಿತೆಂದು ನಾನು ಪೊಲೀಸರಿಗೆ ಹೇಳಿದೆ. ಕ್ಯಾಮೆರಾದ ಪ್ರಕಾರ ಎಲ್ಲವೂ ಮುಗಿದದ್ದು ಎರಡು ನಿಮಿಷದೊಳಗೆ. ಮುಖ ಹೇಗಿತ್ತೆಂದು ಕೇಳಿದರೆ ಉತ್ತರಿಸಲಾಗಲಿಲ್ಲ. ಪಿಸ್ತೂಲಿನ ನಳಿಗೆಯ ಅಂಚಿನಲ್ಲಿ ಬಣ್ಣ ಸವೆದು ಲೋಹ ಬೆಳ್ಳಗೆ ಕಾಣುತ್ತಿದ್ದುದನ್ನು ಮಾತ್ರ ಬಿಡಿಸಿ ಹೇಳಬಲ್ಲವನಾಗಿದ್ದೆ. ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೋಡುಗರ ಕಣ್ಣಿನ ಚಲನೆಯನ್ನೇ ಅಳೆದಿದ್ದರು: ಚಿತ್ರದಲ್ಲಿದ್ದವನ ಕೈಯಲ್ಲಿ ಚೆಕ್ಕಿನ ಬದಲು ಪಿಸ್ತೂಲಿದ್ದಾಗ ಕಣ್ಣು ಮತ್ತೆ ಮತ್ತೆ ಅದರ ಮೇಲೇ ನಿಲ್ಲುತ್ತಿತ್ತು, ಹಿಡಿದವನ ನೆನಪು ಮಸುಕಾಗುತ್ತಿತ್ತು. ಅದನ್ನು ಓದಿದಾಗ ನನ್ನ ಮೇಲೆ ನನಗಿದ್ದ ಸಿಟ್ಟು ಸ್ವಲ್ಪ ಇಳಿಯಿತು.

ನಾನು ಮರೆತದ್ದನ್ನು ಕ್ಯಾಮೆರಾ ನೆನಪಿಡಬೇಕಿತ್ತು. ಇಡಲಿಲ್ಲ. ಚಾವಣಿಗೆ ಹತ್ತಿಸಿದ್ದರಿಂದ ಅದರಲ್ಲಿ ಕಂಡದ್ದು ಎರಡು ಟೋಪಿಗಳ ನೆತ್ತಿ. ರೆಕಾರ್ಡರಿನ ಗಡಿಯಾರ ಹನ್ನೊಂದು ನಿಮಿಷ ಮುಂದಿದ್ದುದರಿಂದ ಬೀದಿಯ ಬೇರೆ ಕ್ಯಾಮೆರಾಗಳ ಜೊತೆ ತಾಳೆ ನೋಡುವಾಗ ಪೊಲೀಸರು ಪರದಾಡಿದರು. ಪಿಸ್ತೂಲಿಗೆ ತಿಂಗಳು ತಿಂಗಳು ಎಣ್ಣೆ ಹಾಕುತ್ತಿದ್ದ ನಾನು ಆ ಗಡಿಯಾರವನ್ನು ಒಮ್ಮೆಯೂ ನೋಡಿರಲಿಲ್ಲ. ಈ ತಪ್ಪು ನನ್ನನ್ನು ಈಗಲೂ ಚುಚ್ಚುತ್ತದೆ. ಈಗ ಬಾಗಿಲ ಬಳಿ ಮುಖದ ಎತ್ತರದಲ್ಲಿ ಒಂದು ಕ್ಯಾಮೆರಾ ಇದೆ, ಚೌಕಟ್ಟಿನ ಮೇಲೆ ಎತ್ತರ ಅಳೆಯುವ ಪಟ್ಟಿ ಇದೆ, ರೆಕಾರ್ಡರ್ ಇಂಟರ್ನೆಟ್ಟಿನಿಂದ ತಾನೇ ಸಮಯ ಸರಿಪಡಿಸಿಕೊಳ್ಳುತ್ತದೆ. ಎಣಿಕೆ ನಡೆಯುವುದು ಬಾಗಿಲು ಹಾಕಿದ ಮೇಲೆ.

ಪ್ರತಿ ತಿಂಗಳ ಮೊದಲ ದಿನ ಅಂಗಡಿ ತೆರೆಯುವ ಮುನ್ನ ನಿಗಾ ಕೇಂದ್ರಕ್ಕೆ ತಿಳಿಸಿ ಆ ಗುಂಡಿಯನ್ನು ಪರೀಕ್ಷಿಸುತ್ತೇವೆ. ಆ ಸಂಜೆ ನನ್ನ ಪಕ್ಕದಲ್ಲಿ ನಿಂತಿದ್ದ, ಮಾರಾಟ ನೋಡಿಕೊಳ್ಳುವ ಯುವತಿಯೇ ಅದನ್ನು ಒತ್ತುತ್ತಾಳೆ. "ಸರ್, ನಾನೇ ಒತ್ತುತ್ತೀನಿ" ಎಂದು ಅವಳೇ ಕೇಳಿ ತೆಗೆದುಕೊಂಡ ಕೆಲಸವದು. ಒತ್ತಿ, ಫೋನಿನ ಮೇಲೆ ಕೈಯಿಟ್ಟು, ಏನೂ ಮಾತಾಡದೆ ಕಾಯುತ್ತಾಳೆ. ಫೋನು ಬಂದಾಗ ಗುಟ್ಟಿನ ಪದವನ್ನು ಹೇಳಿ, ಹೊತ್ತನ್ನು ಪುಸ್ತಕದಲ್ಲಿ ಬರೆದು, ಆಮೇಲೆ ಹೋಗಿ ಶಟರ್ ಎತ್ತುತ್ತಾಳೆ.